ನಾದದ ಕೂಡುಲೆಕ್ಕ

ಏಳಕ್ಕೆ ಐದು ಕೂಡಿಸಿದರೆ ಹನ್ನೆರಡು. ಪಾಟಿಯ ಮೇಲೆ ಬಳಪದಿಂದ ಬರೆದರೂ ಹನ್ನೆರಡೇ, ಬೆರಳು ಮಡಿಸಿ ಎಣಿಸಿದರೂ ಹನ್ನೆರಡೇ. ಇಷ್ಟು ಸರಳವಾದ ಲೆಕ್ಕದ ವಿಷಯದಲ್ಲಿ ಬಲ್ಲವರು ಇಪ್ಪತ್ತು ವರ್ಷಗಳಿಗೂ ಮೀರಿ ವಾದ ಮಾಡುತ್ತಿದ್ದಾರೆಂದರೆ ಓದುಗರು ನಗಬಹುದು. ನಾನೂ ನಕ್ಕವನೇ. ಧ್ವನಿಮುದ್ರಣದ ಕಸುಬಿನಲ್ಲಿರುವ ಸ್ನೇಹಿತರೊಬ್ಬರ ಕೋಣೆಯಲ್ಲಿ ಒಂದು ಸಂಜೆ ಕುಳಿತೆದ್ದ ಮೇಲೆ ಆ ನಗೆ ಸ್ವಲ್ಪ ತಗ್ಗಿತು.

ವಾದ ಇಷ್ಟೇ. ಕಂಠ, ಪಿಟೀಲು, ತಬಲ ಇವನ್ನು ಬೇರೆಬೇರೆಯಾಗಿ ಮುದ್ರಿಸಿಕೊಂಡ ಮೇಲೆ ಎಲ್ಲವನ್ನೂ ಕೂಡಿಸಿ ಒಂದು ಹಾಡು ಮಾಡಬೇಕು. ಈ ಕೂಡುವಿಕೆ ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿ ನಡೆಯಬೇಕೋ, ಗಣಕಯಂತ್ರದೊಳಗಿನ ಅಂಕಿಗಳಲ್ಲಿ ನಡೆಯಬೇಕೋ? ಮೊದಲನೆಯದಕ್ಕೆ ಅನಲಾಗ್ ಎಂದೂ ಎರಡನೆಯದಕ್ಕೆ ಡಿಜಿಟಲ್ ಎಂದೂ ಹೆಸರು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 1950ರ ದಶಕದಲ್ಲಿ ನಮ್ಮ ಚಿತ್ರಗೀತೆಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣಗೊಳ್ಳುತ್ತಿದ್ದಾಗ ಗಾಯಕರೂ ವಾದ್ಯಗಾರರೂ ಜೊತೆಯಲ್ಲೇ ನಿಲ್ಲುತ್ತಿದ್ದರು. ಕೂಡಿಸುವ ಕೆಲಸದ ದೊಡ್ಡ ಪಾಲನ್ನು ಕೋಣೆಯ ಗಾಳಿಯೇ ಮಾಡುತ್ತಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು.

ಬಿಡಿಬಿಡಿಯಾಗಿ ಮುದ್ರಿಸುವ ಆಸೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ಗೆ ಬಲವಾಗಿತ್ತು. 1957ರಲ್ಲಿ ಆಂಪೆಕ್ಸ್ ಕಂಪನಿ ಅವನಿಗೆ ಎಂಟು ಪಟ್ಟಿಗಳ ಟೇಪು ಯಂತ್ರವನ್ನು ಒದಗಿಸಿತು. ಆದರೆ ಹತ್ತು ವರ್ಷಗಳ ಅನಂತರವೂ, 1967ರಲ್ಲಿ, ಬೀಟಲ್ಸರು ಲಂಡನ್ನಿನ ಆಬಿ ರೋಡ್‌ನಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಮುದ್ರಿಸಿದ್ದು ನಾಲ್ಕು ಪಟ್ಟಿಗಳ ಯಂತ್ರದಲ್ಲಿ. ನಾಲ್ಕೂ ತುಂಬಿದರೆ ಅವನ್ನು ಕೂಡಿಸಿ ಇನ್ನೊಂದು ಟೇಪಿಗೆ ಇಳಿಸಿ, ಅಲ್ಲಿ ಉಳಿದ ಜಾಗದಲ್ಲಿ ಮುಂದುವರಿಸಬೇಕು. ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಸದ್ದೂ ಒಂದು ಪದರ ಬೆಳೆಯುತ್ತಿತ್ತು.

ತಂತಿಯಲ್ಲಿ ಕೂಡಿಸುವುದಕ್ಕೂ ಬೆಲೆ ತೆರಬೇಕು. ಸಮನಾದ ರೋಧಕಗಳ ಮೂಲಕ 24 ದಾರಿಗಳನ್ನು ಒಂದೇ ತಂತಿಗೆ ತಂದರೆ ಪ್ರತಿಯೊಂದರ ವೋಲ್ಟೇಜೂ 24ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ಮತ್ತೆ ಎತ್ತಲು ವರ್ಧಕ ಬೇಕು. ವರ್ಧಕವೂ ಟ್ರಾನ್ಸ್‌ಫಾರ್ಮರೂ ತಮ್ಮದೊಂದು ಗೊಣಗನ್ನು, ತಮ್ಮದೊಂದು ಬಣ್ಣವನ್ನು ಸೇರಿಸದೆ ಬಿಡುವುದಿಲ್ಲ. ಅಂದರೆ ಏಳಕ್ಕೆ ಐದು ಕೂಡಿಸಿದರೆ ಅಲ್ಲಿ ಹನ್ನೆರಡೂ ಚಿಲ್ಲರೆ!

ಅಂಕಿಗಳ ದಾರಿ ಬಂದದ್ದು ಆಮೇಲೆ. 1976ರಲ್ಲಿ ಟಾಮಸ್ ಸ್ಟಾಕ್‌ಹ್ಯಾಮ್ ಅಮೆರಿಕದ ಸಾಂಟಾ ಫೆ ನಗರದ ಒಂದು ಗೀತನಾಟಕವನ್ನು ಅಂಕಿಗಳಾಗಿ ಮುದ್ರಿಸಿದ. 1982ರಲ್ಲಿ ಜಪಾನಿನ ಅಂಗಡಿಗಳಿಗೆ ಸಿ.ಡಿ. ಬಂದಿತು. ಅದರಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೂ 65,536 ಮೆಟ್ಟಿಲುಗಳು. 1991ರಲ್ಲಿ ‘ಪ್ರೋ ಟೂಲ್ಸ್’ ಬಂದ ಮೇಲೆ ಮಿಶ್ರಣದ ಮೇಜು ಕ್ರಮೇಣ ಗಣಕಯಂತ್ರದ ಹೊಟ್ಟೆಯನ್ನು ಸೇರಿತು.

ಆಗಲೇ ಗೊಣಗಾಟ ಶುರುವಾದದ್ದು. ಯಂತ್ರದೊಳಗೆ ಕೂಡಿಸಿದ ಹಾಡು ಚಪ್ಪಟೆ, ನಿರ್ಜೀವ ಎಂದರು. ಹಳೆಯ ಯಂತ್ರಗಳ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳಿತ್ತು. ಮೊತ್ತ ಅಂಕಣವನ್ನು ಮೀರಿದರೆ ನಾದ ಒಡೆಯುತ್ತಿತ್ತು; ಕೊನೆಯ ಅಂಕಿಗಳನ್ನು ಒರಟಾಗಿ ಕತ್ತರಿಸಿದರೆ ಸಣ್ಣ ದನಿಗಳು ಕಲುಷಿತವಾಗುತ್ತಿದ್ದವು. ಅಂಕಣವನ್ನು ಅಗಲಮಾಡಿದ ಮೇಲೆ ಈ ದೋಷ ಕಿವಿಗೆ ನಿಲುಕದಷ್ಟು ಸಣ್ಣದಾಯಿತು. ಆದರೂ 2000ದ ಈಚೆಗೆ, ಗಣಕಯಂತ್ರದಿಂದ ಹಾಡನ್ನು ಹೊರಗೆ ತಂದು ತಂತಿಯಲ್ಲಿ ಕೂಡಿಸಿ ಮತ್ತೆ ಒಳಗೆ ಕಳಿಸುವ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು.

ಸ್ನೇಹಿತರ ಬಳಿಯೂ ಅಂಥದೊಂದಿತ್ತು. ಒಂದೇ ಹಾಡನ್ನು ಎರಡು ವಿಧವಾಗಿ ಕೂಡಿಸಿ ಕೇಳಿಸಿದರು. ನಾನು ಠೀವಿಯಿಂದ, “ಮೊದಲನೆಯದರಲ್ಲಿ ಜೀವ ಇದೆ, ಅದೇ ತಂತಿಯದು” ಎಂದೆ. ಅವರು ನಕ್ಕು, “ಅದು ಅಂಕಿಯದು ಸ್ವಾಮಿ. ಅರ್ಧ ಡೆಸಿಬೆಲ್ ಗಟ್ಟಿಯಾಗಿ ಇಟ್ಟಿದ್ದೆ” ಎಂದರು. ಎರಡನ್ನೂ ಸಮಮಾಡಿ ಮತ್ತೆ ಕೇಳಿಸಿದಾಗ ನನಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ನಾನು ಒಲಿದದ್ದು ಜೀವಕ್ಕಲ್ಲ, ಗಟ್ಟಿದನಿಗೆ!

“ಹಾಗಾದರೆ ಈ ಪೆಟ್ಟಿಗೆ ಏಕೆ ಇಟ್ಟುಕೊಂಡಿದ್ದೀರಿ?” ಎಂದು ಕೇಳಿದೆ.

“ಇದಕ್ಕೆ ಜ್ಞಾಪಕಶಕ್ತಿ ಇಲ್ಲ. ಗುಂಡಿ ತಿರುಗಿಸಿದ ಮೇಲೆ ಹಾಡನ್ನು ಇವತ್ತೇ ಮುಗಿಸಬೇಕು. ಗಣಕಯಂತ್ರದಲ್ಲಿ ಹತ್ತು ವರ್ಷ ಬಿಟ್ಟೂ ಬಿಚ್ಚಬಹುದು, ಅದಕ್ಕೇ ಯಾವುದೂ ಮುಗಿಯುವುದಿಲ್ಲ” ಎಂದರು.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕೂಡುವುದು ಸುಲಭ, ಕಳೆಯುವುದು ಕಷ್ಟ. ಹನ್ನೆರಡನ್ನು ಮಾತ್ರ ಕಂಡವನು ಅದು ಏಳೈದೋ ಎಂಟುನಾಲ್ಕೋ ಹೇಳಲಾರ. ಹಳೆಯ ಹಾಡುಗಳಲ್ಲಿ ಕಂಠವೂ ಪಿಟೀಲೂ ಹಾಗೆ ಒಂದಾಗಿ ಹೋಗಿದ್ದವು. ಈಗ ಆ ಗಂಟೂ ಸಡಿಲುತ್ತಿದೆ: 2022ರಲ್ಲಿ ಜಾನ್ ಲೆನನ್ನನ ಹಳೆಯ ಕ್ಯಾಸೆಟ್ಟಿನಿಂದ ಪಿಯಾನೋವನ್ನು ಸರಿಸಿ ಅವನ ಕಂಠವನ್ನಷ್ಟೇ ಯಂತ್ರ ಬಿಡಿಸಿಕೊಟ್ಟಿತು. ಅದು ಸಂತೋಷದ ಸಂಗತಿಯೇ. ಆದರೆ ಜಗಳ ತಂತಿಗೂ ಅಂಕಿಗೂ ಅಲ್ಲವೆಂದು ನನಗೆ ತೋರುತ್ತದೆ. “ಇನ್ನು ಸಾಕು, ಇದೇ ಹಾಡು” ಎನ್ನುವ ಧೈರ್ಯ ಒಂದು ಕಾಲಕ್ಕೆ ಯಂತ್ರದ ಬಡತನದಿಂದ ತಾನಾಗಿ ಬರುತ್ತಿತ್ತು. ಯಂತ್ರ ಸಿರಿವಂತವಾದ ಮೇಲೆ ಅದನ್ನು ಮನುಷ್ಯನೇ ತಂದುಕೊಳ್ಳಬೇಕಾಗಿದೆ.