ಓಲೆಗರಿಯ ಆಯುಷ್ಯ

ನಮ್ಮ ಪೂರ್ವಿಕರ ಜ್ಞಾನಸಂಪತ್ತು ಶತಮಾನಗಳ ಕಾಲ ನೆಲೆಸಿದ್ದುದು ತಾಳೆಯ ಗರಿಗಳಲ್ಲಿ. ಬರವಣಿಗೆಗೆ ಶ್ರೇಷ್ಠವೆನಿಸಿದ ಶ್ರೀತಾಳೆಯು 30ರಿಂದ 80 ವರ್ಷ ಬಾಳಿ, ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಬಳಿಕ ಅಳಿಯುತ್ತದೆ. ಅದರ ಎಳೆಯ ಗರಿಗಳನ್ನು ಕುದಿಸಿ, ಒಣಗಿಸಿ, ನಯಗೊಳಿಸಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಅವು ಎದ್ದು ಕಾಣುವಂತೆ ಮಸಿ ಲೇಪಿಸುತ್ತಿದ್ದರು.

ಮರದಂತೆ ಗರಿಗೂ ಆಯುಷ್ಯದ ಮಿತಿಯುಂಟು. ತೇವ, ಗೆದ್ದಲು, ಹುಳುಗಳಿಂದ ಅದು ಜೀರ್ಣವಾಗುತ್ತದೆ. ಅದಕ್ಕೆ ಮುನ್ನ ಲಿಪಿಕಾರನು ಪ್ರತಿಮಾಡಿದರೆ ಮಾತ್ರ ಗ್ರಂಥವು ಉಳಿಯುತ್ತಿತ್ತು. 12ನೆಯ ಶತಮಾನದ ಶರಣರ ವಚನಗಳು ನಮ್ಮವರೆಗೆ ಬಂದುದು ಹೀಗೆ ಪ್ರತಿಮಾಡಿದವರ ಪರಂಪರೆಯಿಂದ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಇಂದಿಗೂ ಕೆಲವು ಮನೆಗಳ ಜಗುಲಿಯ ಮೇಲೆ ಓಲೆಕಟ್ಟುಗಳು ಪೂಜೆಗೊಳ್ಳುತ್ತವೆ. ಆದರೆ ಅವುಗಳನ್ನು ಬಿಚ್ಚಿ ಓದುವವರಿಲ್ಲ. ನೀರು, ಕುಂಕುಮ, ದೀಪದ ಹೊಗೆ ಗರಿಗೆ ಹಿತವಲ್ಲ. ಬಲ್ಲವರಿಂದ ಬಿಚ್ಚಿಸಿ, ಓದಿಸಿ, ಛಾಯಾಪ್ರತಿ ತೆಗೆಸುವುದೇ ಅದಕ್ಕೆ ಸಲ್ಲತಕ್ಕ ಪೂಜೆ. ಮನೆಯಲ್ಲಿ ಕಟ್ಟುಗಳುಳ್ಳ ಭಕ್ತರು ಈ ಕಾರ್ಯಕ್ಕೆ ತಡಮಾಡಬಾರದು. ಒಂದೇ ಒಂದು ಉಳಿದಿರುವ ಪ್ರತಿಯು ನಾಶವಾದರೆ, ಅದರಲ್ಲಿದ್ದ ಶರಣವಾಣಿ ಮತ್ತೆಲ್ಲಿಯೂ ದೊರೆಯದು.