ಕೂಸಿನ ಕಣ್ಣಾಗ ಬೆಕ್ಕು

ನಮ್ಮ ಅಕ್ಕನ ಮಗನಿಗೆ ಈಗ ನಾಲ್ಕು ತಿಂಗಳು. ಕೊಪ್ಪಳದ ನಮ್ಮ ಮನೆ ಪಡಸಾಲ್ಯಾಗ ಅಕ್ಕ ದಿನಾ ಸಂಜೆ ಕಿನ್ನಾಳದ ಆನೆ ಹಿಡಿದು ಅವನಿಗೆ ತೋರಿಸ್ತಾಳೆ. ಹಗುರ ಮರದ್ದು, ಮೈತುಂಬ ಬಣ್ಣ. ಅಜ್ಜಿಗೆ ನಗು: "ಅದಕ್ಕೇನ್ ತಿಳೀತೈತಿ? ಸುಮ್ನ ಮಲಗಿಸವ್ವ." ಅಕ್ಕನ ಮುಖ ಸಣ್ಣದಾಯ್ತು. ನಾನು ಬಿಕಾಂ, ನನಗೂ ಉತ್ತರ ಗೊತ್ತಿರಲಿಲ್ಲ. ಹುಡುಕಿದೆ.

ಮಾತು ಬರದ ಕೂಸಿಗೆ ಪ್ರಶ್ನೆ ಕೇಳೋದು ಹೆಂಗ? 1950ರ ದಶಕದ ಕೊನೆಗೆ ಅಮೆರಿಕದ ರಾಬರ್ಟ್ ಫ್ಯಾಂಟ್ಜ್ ಒಂದು ಉಪಾಯ ಹೂಡಿದರು. ಕೂಸನ್ನು ಗೂಡಿನಂಥ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ಎರಡು ಚಿತ್ರ ಇಟ್ಟು, ಸಣ್ಣ ಕಿಂಡಿಯಿಂದ ಅದರ ಕಣ್ಣನ್ನೇ ನೋಡುತ್ತಾ ಕೂತರು. ಕಣ್ಣಿನ ಪಾಪೆಯ ಮೇಲೆ ಯಾವ ಚಿತ್ರ ಮೂಡಿದೆಯೋ ಕೂಸು ಅದನ್ನೇ ನೋಡ್ತಿದೆ ಅಂತ ಲೆಕ್ಕ. 1964ರಲ್ಲಿ ಅವರೇ ಇನ್ನೊಂದು ತೋರಿಸಿದರು: ಎರಡು ತಿಂಗಳು ದಾಟಿದ ಕೂಸು ನೋಡಿದ್ದನ್ನೇ ನೋಡಿ ಬೇಸತ್ತು ಹೊಸದರ ಕಡೆ ತಿರುಗುತ್ತೆ. ನಾವು ರೀಲ್ಸ್ ಸರಿಸಿದಂಗ.

ಈ ಬೇಸರಾನೇ ಮುಂದೆ ಅಳತೆಗೋಲು ಆಯ್ತು. 1993ರಲ್ಲಿ ಪಾಲ್ ಕ್ವಿನ್, ಪೀಟರ್ ಐಮಾಸ್ ಮತ್ತು ಸಂಗಡಿಗರು ಮೂರು-ನಾಲ್ಕು ತಿಂಗಳ ಕೂಸುಗಳಿಗೆ ಬರೀ ಬೆಕ್ಕುಗಳ ಫೋಟೊ ತೋರಿಸಿದರು. ಆಮೇಲೆ ಒಂದು ಹೊಸ ಬೆಕ್ಕು, ಪಕ್ಕದಾಗ ನಾಯಿ. ಕೂಸುಗಳು ನಾಯಿಯನ್ನೇ ಹೆಚ್ಚು ಹೊತ್ತು ನೋಡಿದವು. ಅಂದ್ರ, ಎಂದೂ ಕಾಣದ ಬೆಕ್ಕು ಕೂಡ ಅವಕ್ಕೆ ಹಳೇದೇ! 'ಬೆಕ್ಕು' ಅನ್ನೋ ಮಾತು ಇನ್ನೂ ತಿಂಗಳುಗಟ್ಟಲೆ ದೂರ ಇದ್ದಾಗಲೇ ಬೆಕ್ಕಿನ ಗುಂಪು ತಲೆಯೊಳಗ ಕೂತಿತ್ತು.

ನನಗೆ ಮಜಾ ಅನಿಸಿದ್ದು ಇದರ ಉಲ್ಟಾ. ಮೊದಲು ನಾಯಿಗಳನ್ನು ತೋರಿಸಿ ಆಮೇಲೆ ಬೆಕ್ಕು ಇಟ್ಟರೆ ಕೂಸುಗಳು ಅದನ್ನು ಬೇರೆ ಅಂತ ಹಿಡೀಲಿಲ್ಲ. ನಾಯಿಗಳಲ್ಲಿ ಗಿಡ್ಡ, ಎತ್ತರ, ಜೋಲುಕಿವಿ ಎಲ್ಲಾ ಉಂಟಲ್ಲ, ಆ ದೊಡ್ಡ ಗುಂಪಿನೊಳಗ ಬೆಕ್ಕೂ ಜಾಗ ಹಿಡೀತು. 2004ರಲ್ಲಿ ರಾಬರ್ಟ್ ಫ್ರೆಂಚ್, ಕ್ವಿನ್ ಮತ್ತಿತರರು ಫೋಟೊಗಳನ್ನು ಆರಿಸಿ, ಬೆಕ್ಕುಗಳಲ್ಲೇ ಹೆಚ್ಚು ವೈವಿಧ್ಯ ಇರೋ ಹಂಗ ಮಾಡಿದಾಗ ಫಲಿತಾಂಶವೂ ತಿರುಗಿಬಿತ್ತು. ಕೂಸು ಏನು ನೋಡುತ್ತೋ ಅದರಿಂದಲೇ ಗೆರೆ ಎಳೀತದ. ಅದೂ ಹೆಚ್ಚಾಗಿ ತಲೆ, ಮುಖ ನೋಡಿ; 1996ರ ಪ್ರಯೋಗದಲ್ಲಿ ತಲೆ ಮುಚ್ಚಿ ಬರೀ ಮೈ ತೋರಿಸಿದಾಗ ನಾಯಿ-ಬೆಕ್ಕು ಬೇರೆ ಮಾಡೋಕೆ ಆಗಲಿಲ್ಲ.

ಅಕ್ಕನಿಗೆ ಇಷ್ಟನ್ನೂ ಓದಿ ಹೇಳಿದೆ. ಅಜ್ಜಿ ಎಲೆ-ಅಡಿಕೆ ಜಗೀತಾ ಎಲ್ಲಾ ಕೇಳಿಸ್ಕೊಂಡಳು.

"ಹಂಗಾದ್ರ ಒಂದೇ ಆನಿ ಯಾಕ? ಓಣ್ಯಾಗ ಆಡು, ಕುರಿ, ಎಮ್ಮಿ ಎಲ್ಲಾ ಅದಾವ. ಕೂಸಿನ್ನ ತಾ ಇಲ್ಲಿ, ಕಟ್ಟಿ ಮ್ಯಾಲ ಕುಂದರ್ತೀನಿ."