ಪಾಠ ರೇಡಿಯೊದಲ್ಲಿ, ಪ್ರಶ್ನೆ ಫೋನಿನಲ್ಲಿ

1937ರ ಸೆಪ್ಟೆಂಬರ್ 13, ಸೋಮವಾರ. ಅಮೆರಿಕದ ಶಿಕಾಗೊ ನಗರದಲ್ಲಿ ಬೇಸಿಗೆ ರಜೆ ಮುಗಿದಿತ್ತು, ಆದರೆ ಶಾಲೆಗಳ ಬಾಗಿಲು ತೆರೆದಿರಲಿಲ್ಲ. ಊರಿಗೆ ಪೋಲಿಯೊ ಬಂದಿತ್ತು.

ಇವತ್ತು ನಮಗೆ ಪೋಲಿಯೊ ಅಂದರೆ ಭಾನುವಾರ ಮಗುವನ್ನು ಎತ್ತಿಕೊಂಡು ಹೋಗಿ ಹಾಕಿಸುವ ಎರಡು ಹನಿ, ಅಷ್ಟೇ. ಆಗ ಲಸಿಕೆಯೇ ಇರಲಿಲ್ಲ. ಅದು ಬಂದದ್ದು 1955ರಲ್ಲಿ. ಜ್ವರ ಬಂದ ಮಗು ಕಾಲು ಕಳೆದುಕೊಳ್ಳಬಹುದು, ಉಸಿರೇ ನಿಲ್ಲಬಹುದು. ರೋಗ ಹೇಗೆ ಹರಡುತ್ತದೆ ಎಂಬುದೂ ಸ್ಪಷ್ಟವಿರಲಿಲ್ಲ. ಹಾಗಾಗಿ ನಗರದ ಆರೋಗ್ಯ ಮಂಡಳಿಯವರು ಶಾಲೆ ತೆರೆಯುವುದನ್ನು ಮುಂದಕ್ಕೆ ಹಾಕಿದರು. ಮಕ್ಕಳು ಮನೆಯಲ್ಲೇ ಉಳಿದರು.

ಅವತ್ತು ಬೆಳಿಗ್ಗೆ ಆ ಮಕ್ಕಳು ಕೂತದ್ದು ರೇಡಿಯೊ ಮುಂದೆ. ಮೂರನೇ ತರಗತಿಯಿಂದ ಎಂಟನೇ ತರಗತಿವರೆಗಿನ ಸುಮಾರು 3 ಲಕ್ಷ 25 ಸಾವಿರ ಮಕ್ಕಳಿಗೆ ರೇಡಿಯೊದಲ್ಲಿ ಪಾಠ ಶುರುವಾಗಿತ್ತು. ಆರು ಸ್ಟೇಷನ್‌ಗಳು ತಮ್ಮ ಸಮಯವನ್ನು ಪುಕ್ಕಟೆ ಕೊಟ್ಟವು. ಒಂದು ಪಾಠಕ್ಕೆ 15 ನಿಮಿಷ. ಸೋಮವಾರ, ಬುಧವಾರ, ಶುಕ್ರವಾರ ಸಮಾಜ ಮತ್ತು ವಿಜ್ಞಾನ. ಮಂಗಳವಾರ, ಗುರುವಾರ, ಶನಿವಾರ ಇಂಗ್ಲಿಷ್ ಮತ್ತು ಗಣಿತ. ಯಾವ ತರಗತಿಗೆ ಯಾವ ಸ್ಟೇಷನ್, ಎಷ್ಟು ಗಂಟೆಗೆ, ಬರೆಯಬೇಕಾದ ಪ್ರಶ್ನೆ ಯಾವುದು ಎಂಬುದೆಲ್ಲ ದಿನಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಇಷ್ಟನ್ನೂ ಕೆಲವೇ ದಿನಗಳಲ್ಲಿ ಹೊಂದಿಸಿದವರು ನಗರದ ಶಾಲೆಗಳ ಮುಖ್ಯಸ್ಥ ವಿಲಿಯಂ ಜಾನ್ಸನ್ ಮತ್ತು ಅವರ ಜೊತೆಗಿದ್ದ ಶಿಕ್ಷಕರು.

(ಅಷ್ಟು ಹೊತ್ತಿಗೆ ನಮ್ಮ ಮೈಸೂರಿನಲ್ಲೂ ರೇಡಿಯೊ ಇತ್ತು. ಕಾಲೇಜು ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ್ದರು. ಆದರೆ ನಮ್ಮ ಹಳ್ಳಿಗಳಿಗೆ ರೇಡಿಯೊ ತಲುಪಲು ಇನ್ನೂ ಬಹಳ ವರ್ಷ ಬೇಕಾಯಿತು.)

ಈ ಕಥೆಯಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು ರೇಡಿಯೊ ಅಲ್ಲ, ಫೋನು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ 16 ಮಂದಿ ಶಿಕ್ಷಕರನ್ನು ಫೋನ್ ಮುಂದೆ ಕೂರಿಸಿದ್ದರು. ಪಾಠ ಅರ್ಥವಾಗದಿದ್ದರೆ ಮಗುವೋ ಅಪ್ಪ ಅಮ್ಮನೋ ಫೋನ್ ಮಾಡಿ ಕೇಳಬಹುದು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ ಬಂದವು. 16 ಜನ ಸಾಲದೆ ಇನ್ನೂ ಐದು ಜನರನ್ನು ಸೇರಿಸಬೇಕಾಯಿತು.

ಯಾಕೆ ಅಷ್ಟು ಕರೆ? ರೇಡಿಯೊ ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನ ಮುಖ ನೋಡಿದರೆ ಸಾಕು, ಅವನಿಗೆ ಅರ್ಥವಾಗಿಲ್ಲ ಎಂದು ಮೇಷ್ಟ್ರಿಗೆ ಗೊತ್ತಾಗುತ್ತದೆ. ರೇಡಿಯೊ ಪಾಠ ಯಾರಿಗಾಗಿಯೂ ನಿಲ್ಲದೆ ಓಡುತ್ತದೆ. ವೇಗ ಜಾಸ್ತಿಯಾಯಿತು ಎಂಬ ದೂರು ಬಂತು. ರೇಡಿಯೊ ಇಲ್ಲದ ಮನೆಗಳಿದ್ದವು, ಇದ್ದರೂ ಸ್ಟೇಷನ್ ಸರಿಯಾಗಿ ಹಿಡಿಯದ ಬಡಾವಣೆಗಳಿದ್ದವು. ಒಂದು ಮತ್ತು ಎರಡನೇ ತರಗತಿಯ ಚಿಕ್ಕ ಮಕ್ಕಳಂತೂ ಈ ಯೋಜನೆಯೊಳಗೇ ಇರಲಿಲ್ಲ. ಮೂರು ವಾರ ತುಂಬುವ ಮೊದಲೇ ಶಾಲೆಗಳು ತೆರೆದವು, ರೇಡಿಯೊ ಪಾಠ ನಿಂತಿತು.

2020ರಲ್ಲಿ ಇದೇ ತೊಡಕು ನಮ್ಮೂರುಗಳಲ್ಲೂ ಬಂತು. ಆ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಪಾಠ ಬಂತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರು, ಟೀಚರಮ್ಮಂದಿರೇ ಊರಿಗೆ ಬಂದು ಗುಡಿ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲಿ ಮತ್ತೆ ಶುರುವಾಯಿತು. ಟಿ.ವಿ. ಮುಂದೆ ಕೂತ ಮಗುವಿಗೆ ಸಂಶಯ ಬಂದರೆ ಕೇಳಲು ಯಾರೂ ಇರಲಿಲ್ಲ, ಜಗಲಿಯಲ್ಲಿ ಇದ್ದರು.

ಶಿಕಾಗೊಗೆ ವಾಪಸ್ ಹೋಗೋಣ. ಅಲ್ಲಿ ಮುಂದೆ ನಡೆದದ್ದು ಶಾಲೆಯ ಕಥೆಯಲ್ಲ, ಕಾಲೇಜಿನದು.

ಅಮೆರಿಕದಲ್ಲಿ ‘ಕಮ್ಯುನಿಟಿ ಕಾಲೇಜು’ ಅಂತ ಒಂದು ವ್ಯವಸ್ಥೆ ಇದೆ. ಮೊದಲು ಅದನ್ನು ಜೂನಿಯರ್ ಕಾಲೇಜು ಅನ್ನುತ್ತಿದ್ದರು. ನಮ್ಮಲ್ಲಿ ಅದಕ್ಕೆ ಸರಿಸಮ ಇಲ್ಲ. ಐಟಿಐ, ಡಿಪ್ಲೊಮಾ, ನರ್ಸಿಂಗ್ ತರಬೇತಿ, ಡಿಗ್ರಿಯ ಮೊದಲ ಎರಡು ವರ್ಷ ಇವೆಲ್ಲವನ್ನೂ ಒಂದೇ ಕಟ್ಟಡದಲ್ಲಿ, ಮನೆಗೆ ಹತ್ತಿರದಲ್ಲಿ, ಕಡಿಮೆ ಫೀಸಿಗೆ, ವಯಸ್ಸು ಕೇಳದೆ ಕೊಟ್ಟರೆ ಹೇಗೋ ಹಾಗೆ. ಇವುಗಳಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯದು 1901ರಲ್ಲಿ ಶಿಕಾಗೊ ಪಕ್ಕದ ಜೋಲಿಯೆಟ್ ಊರಿನಲ್ಲಿ ಹುಟ್ಟಿತು. ಶಿಕಾಗೊ ನಗರದ್ದು 1911ರಲ್ಲಿ ಕ್ರೇನ್ ಜೂನಿಯರ್ ಕಾಲೇಜು ಎಂಬ ಹೆಸರಲ್ಲಿ ಶುರುವಾಯಿತು. ಈ ಕಾಲೇಜಿಗೆ ಬಾಗಿಲು ಮುಚ್ಚುವುದು ಹೊಸತಲ್ಲ. 1933ರಲ್ಲಿ ಅದು ಪೂರ್ತಿ ಮುಚ್ಚಿತ್ತು, ಆದರೆ ರೋಗದಿಂದ ಅಲ್ಲ, ದುಡ್ಡಿಲ್ಲದೆ. ಆರ್ಥಿಕ ಕುಸಿತದಲ್ಲಿ ನಗರದ ಬೊಕ್ಕಸ ಬರಿದಾಗಿತ್ತು. ಜನರ ಒತ್ತಾಯಕ್ಕೆ ಮರುವರ್ಷ ಅದನ್ನು ಮೂರು ಕಡೆ ತೆರೆದರು.

1956ರಲ್ಲಿ ಈ ಕಾಲೇಜು ‘ಟಿ.ವಿ. ಕಾಲೇಜು’ ಆರಂಭಿಸಿತು. ಅದಕ್ಕೆ ರೋಗ ಕಾರಣವಾಗಿರಲಿಲ್ಲ, ಯಾವ ಅವಸರವೂ ಇರಲಿಲ್ಲ. ಕಾಲೇಜಿಗೆ ಬರಲಾಗದವರಿಗೆ ಮನೆಯಲ್ಲೇ ಕಾಲೇಜು ಕೊಡಬಹುದೇ ಎಂದು ನೋಡುವ ಮೂರು ವರ್ಷದ ಪ್ರಯೋಗ ಅದು. ನಗರದ ಸಾರ್ವಜನಿಕ ಟಿ.ವಿ. ವಾಹಿನಿಯಲ್ಲಿ ಪಾಠ, ಫೋರ್ಡ್ ಸಂಸ್ಥೆಯ ನಿಧಿಯಿಂದ ಹಣ. ಬರೀ ಜ್ಞಾನಕ್ಕಾಗಿ ನೋಡುವ ಕಾರ್ಯಕ್ರಮವಲ್ಲ, ಪರೀಕ್ಷೆ ಪಾಸಾದರೆ ಕಾಲೇಜಿಗೆ ಹೋಗಿ ಓದಿದವರಿಗೆ ಸಿಗುವ ಅಂಕಪಟ್ಟಿಯೇ ಸಿಗುತ್ತಿತ್ತು. ಪೂರ್ತಿ ಎರಡು ವರ್ಷದ ಕೋರ್ಸನ್ನು ಟಿ.ವಿ.ಯಲ್ಲೇ ಮುಗಿಸಲು ದಾರಿ ಇತ್ತು.

ಓದಿದವರು ಯಾರು? ಹೆಚ್ಚಿನವರು ಮನೆಯಲ್ಲಿ ಚಿಕ್ಕ ಮಕ್ಕಳಿದ್ದ ಹೆಂಗಸರು. ಅಂಗವಿಕಲರಿದ್ದರು, ಕೆಲಸಕ್ಕೆ ಹೋಗುವವರಿದ್ದರು. ಜೈಲಿನಲ್ಲಿದ್ದ ಕೈದಿಗಳೂ ಸೇರಿದ್ದರು.

ಇಲ್ಲಿ 1937ರ ಫೋನು ಮತ್ತೆ ಬರುತ್ತದೆ. ಟಿ.ವಿ. ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು ಇರುತ್ತಿರಲಿಲ್ಲ. ಒಬ್ಬರು ಕ್ಯಾಮೆರಾ ಮುಂದೆ ನಿಂತು ಪಾಠ ಮಾಡುವವರು. ಕಾಣದ ಇನ್ನಷ್ಟು ಮೇಷ್ಟ್ರುಗಳು ಅಂಚೆಯಲ್ಲಿ ಬಂದ ಹೋಂವರ್ಕ್ ತಿದ್ದಿ ಕಳಿಸುತ್ತಿದ್ದರು, ಗೊತ್ತಾದ ಹೊತ್ತಿಗೆ ಫೋನಿನಲ್ಲಿ ಸಿಗುತ್ತಿದ್ದರು. ಪರೀಕ್ಷೆಗೆ ಮಾತ್ರ ವಿದ್ಯಾರ್ಥಿಗಳು ಕಾಲೇಜಿಗೆ ಬರಬೇಕು. ಟಿ.ವಿ.ಯಲ್ಲಿ ಮುಖ ಕಾಣಿಸಿದವರಿಗೆ ಹೆಸರು ಬಂತು. ಆದರೆ ಕೋರ್ಸು ನಿಂತದ್ದು ಕೆಂಪು ಪೆನ್ನು ಹಿಡಿದು ಕೂತ ಆ ಉಳಿದವರ ಮೇಲೆ ಎಂದು ನಮಗನ್ನಿಸುತ್ತದೆ. ನಾವು ನೋಡಿದ ಮೂರು ಪ್ರಯತ್ನಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಇದೇ. ಅವಸರವಿಲ್ಲದೆ, ಸಾವಕಾಶವಾಗಿ, ಯೋಚಿಸಿ ಕಟ್ಟಿದ್ದರು.

ಮೂರನೆಯದು 2020.

ಇಲಿನಾಯ್ ರಾಜ್ಯದಲ್ಲಿ ಮಾರ್ಚ್ 21ರಿಂದ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶ ಜಾರಿಗೆ ಬಂತು, ನಮ್ಮ ಲಾಕ್‌ಡೌನ್‌ಗಿಂತ ನಾಲ್ಕು ದಿನ ಮೊದಲು. ಶಿಕಾಗೊದಲ್ಲಿ ಮಾತ್ರವಲ್ಲ, ಅಮೆರಿಕದ ಉದ್ದಗಲಕ್ಕೂ ಕಮ್ಯುನಿಟಿ ಕಾಲೇಜುಗಳು ಒಂದೆರಡು ವಾರದೊಳಗೆ ಆನ್‌ಲೈನ್ ಆಗಬೇಕಾಯಿತು. ಈ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಅರೆಕಾಲಿಕರು. ಅಂಗಡಿ, ಹೋಟೆಲು, ಆಸ್ಪತ್ರೆ, ಗೋದಾಮಿನಲ್ಲಿ ದುಡಿಯುತ್ತ ಓದುವವರು. ಅನೇಕರಿಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬೇ ಕಂಪ್ಯೂಟರ್, ಕಾಲೇಜಿನ ವೈಫೈಯೇ ವೈಫೈ. ಕಟ್ಟಡ ಮುಚ್ಚಿದಾಗ ಅವರಿಗೆ ಪಾಠದ ಜೊತೆಗೆ ಪಾಠ ಕೇಳುವ ಸಾಧನವೂ ಹೋಯಿತು.

ಕಾಲೇಜುಗಳು ಲ್ಯಾಪ್‌ಟಾಪ್‌ಗಳನ್ನು ಎರವಲು ಕೊಟ್ಟವು. ವೈಫೈ ಯಂತ್ರಗಳನ್ನು ಕಟ್ಟಡದ ಹೊರಮುಖಕ್ಕೆ ತಿರುಗಿಸಿ, ವಾಹನ ನಿಲ್ಲಿಸುವ ಜಾಗಕ್ಕೆ ಸಿಗ್ನಲ್ ಬಿಟ್ಟವು. ವಿದ್ಯಾರ್ಥಿಗಳು ಕಾರಿನೊಳಗೆ ಕೂತು ತರಗತಿ ಕೇಳಿದರು, ಕಾರಿನೊಳಗೇ ಪರೀಕ್ಷೆ ಬರೆದರು. ಇದನ್ನು ಓದುವಾಗ ನಮಗೆ ನೆನಪಾದದ್ದು 2021ರ ಮಳೆಗಾಲದಲ್ಲಿ ಎಲ್ಲರ ಮೊಬೈಲಿಗೂ ಬಂದ ಸುಳ್ಯದ ಕಡೆಯ ಒಂದು ಫೋಟೊ. ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಮಗಳು ಕೂತು ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅಲ್ಲಿ ಕಾರು, ಇಲ್ಲಿ ಕೊಡೆ.

ಸರ್ಕಾರದಿಂದ ಹಣವೂ ಬಂತು. 2020ರ ಮಾರ್ಚ್ 27ರಂದು ಸಹಿಯಾದ ಪರಿಹಾರ ಕಾಯ್ದೆಯಲ್ಲಿ ಉನ್ನತ ಶಿಕ್ಷಣಕ್ಕೆ ಸುಮಾರು 1,400 ಕೋಟಿ ಡಾಲರ್ ಇತ್ತು. ಪ್ರತಿ ಕಾಲೇಜಿನ ಪಾಲಿನಲ್ಲಿ ಕನಿಷ್ಠ ಅರ್ಧವನ್ನು ನೇರ ವಿದ್ಯಾರ್ಥಿಗಳ ಕೈಗೇ ಕೊಡಬೇಕು ಎಂಬ ಷರತ್ತು ಒಳ್ಳೆಯದಿತ್ತು. ಊಟ, ಬಾಡಿಗೆ, ಇಂಟರ್‌ನೆಟ್ಟಿಗೆ ಅದು ಬಳಕೆಯಾಯಿತು. ಆದರೆ ಲೆಕ್ಕ ಹಾಕಿದ ರೀತಿ ನೋಡಿ. ತಲೆ ಎಣಿಸಲಿಲ್ಲ, ಪೂರ್ಣಾವಧಿ ಓದಿನ ಲೆಕ್ಕಕ್ಕೆ ಇಳಿಸಿದರು. ಅರ್ಧ ಹೊತ್ತು ಓದುವ ಇಬ್ಬರನ್ನು ಒಬ್ಬ ಎಂದು ಹಿಡಿದರು. ಅರ್ಧ ಹೊತ್ತು ಓದುವವನಿಗೆ ಹೊಟ್ಟೆ ಅರ್ಧ ಇರುತ್ತದೆಯೇ? ಕಮ್ಯುನಿಟಿ ಕಾಲೇಜುಗಳಲ್ಲಿ ಅಂಥವರೇ ಹೆಚ್ಚು. ಹಾಗಾಗಿ ಬಡವರು ಹೆಚ್ಚಿರುವ ಕಾಲೇಜಿಗೆ ತಲೆಗೆ ಸಿಕ್ಕ ಹಣ ಕಡಿಮೆಯಾಯಿತು.

ಹಣ, ಲ್ಯಾಪ್‌ಟಾಪ್, ಸಿಗ್ನಲ್ ಎಲ್ಲ ಇದ್ದರೂ ಬಗೆಹರಿಯದ ಒಂದು ವಿಷಯ ಇತ್ತು. ಇತಿಹಾಸವನ್ನು ಪರದೆಯ ಮೇಲೆ ಹೇಳಬಹುದು. ವೆಲ್ಡಿಂಗ್ ಹೇಗೆ ಹೇಳುವುದು? ರಾಡು ಎಷ್ಟು ದೂರ ಹಿಡಿಯಬೇಕು, ಕೈ ಎಷ್ಟು ನಿಧಾನ ಎಳೆಯಬೇಕು ಎಂಬುದು ಕೈಗೆ ಗೊತ್ತಾಗಬೇಕು, ಕಿವಿಗಲ್ಲ. ರಕ್ತ ತೆಗೆಯಲು ನರ ಹುಡುಕುವುದೂ ಹಾಗೆಯೇ. ನಮ್ಮ ಐಟಿಐ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲೇಜುಗಳು ಮಾಡಿದ್ದು ಹೀಗೆ: ಓದಿ ತಿಳಿಯುವ ಭಾಗವನ್ನು ಮೊದಲು ಆನ್‌ಲೈನ್‌ನಲ್ಲಿ ಮುಗಿಸುವುದು, ಕೈಯಿಂದ ಕಲಿಯುವ ಭಾಗವನ್ನು ಬೇಸಿಗೆಗೆ ಮುಂದೂಡುವುದು. ಆಮೇಲೆ ಸಣ್ಣ ಸಣ್ಣ ತಂಡ ಮಾಡಿ, ಮಾಸ್ಕ್ ಹಾಕಿಸಿ, ದೂರ ನಿಲ್ಲಿಸಿ, ಒಂದೇ ಪಾಠವನ್ನು ಮೇಷ್ಟ್ರು ಮೂರು ನಾಲ್ಕು ಸಲ ಮಾಡುವುದು. ನರ್ಸಿಂಗ್‌ನಲ್ಲಿ ಪಜೀತಿ ಇನ್ನೂ ದೊಡ್ಡದು. ದೇಶಕ್ಕೆ ನರ್ಸುಗಳು ಬೇಕಾಗಿದ್ದ ಹೊತ್ತಲ್ಲೇ ಅನೇಕ ಆಸ್ಪತ್ರೆಗಳು ಕಲಿಯುವವರನ್ನು ಒಳಗೆ ಬಿಡಲಿಲ್ಲ. ಹಲವು ರಾಜ್ಯಗಳು ನಿಯಮ ಸಡಿಲಿಸಿ, ಆಸ್ಪತ್ರೆಯಲ್ಲಿ ಕಳೆಯಬೇಕಾದ ಗಂಟೆಗಳ ಒಂದಷ್ಟು ಪಾಲನ್ನು ಕಾಲೇಜಿನ ಗೊಂಬೆ ರೋಗಿಗಳ ಮೇಲೆ ಅಭ್ಯಾಸ ಮಾಡಿ ತುಂಬಿಸಲು ಬಿಟ್ಟವು.

ಇಷ್ಟೆಲ್ಲ ಆದ ಮೇಲೂ 2020ರ ಶರತ್ಕಾಲದ ದಾಖಲಾತಿ ನೋಡಿದರೆ ಗಾಬರಿಯಾಗುತ್ತದೆ. ಅಮೆರಿಕದ ಸರ್ಕಾರಿ ಎರಡು ವರ್ಷದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಶೇ. 10ರಷ್ಟು ಕುಸಿಯಿತು. ಹೊಸದಾಗಿ ಸೇರುವವರಂತೂ ಶೇ. 21ರಷ್ಟು ಕಡಿಮೆಯಾದರು. ಹಿಂದೆಲ್ಲ ಕೆಲಸ ಹೋದಾಗ ಜನ ಈ ಕಾಲೇಜುಗಳಿಗೆ ಬರುತ್ತಿದ್ದರು. 2008ರ ಆರ್ಥಿಕ ಕುಸಿತದ ನಂತರ ತರಗತಿಗಳು ತುಂಬಿದ್ದವು. ಈ ಸಲ ಉಲ್ಟಾ ಆಯಿತು. ಈಗಾಗಲೇ ಓದುತ್ತಿದ್ದವರಿಗೆ ಪರಿಚಯದ ಮೇಷ್ಟ್ರು ಇದ್ದರು, ಮೆಸೇಜ್ ಹಾಕಿದರೆ ಉತ್ತರಿಸುವ ಸಹಪಾಠಿ ಇದ್ದ. ಹೊಸಬರಿಗೆ ಯಾರಿದ್ದರು? ಫಾರಂ ತುಂಬಲು ಗೊತ್ತಾಗದೆ ಕೌಂಟರಿಗೆ ಹೋದರೆ ಕೂರಿಸಿ ತುಂಬಿಸಿಕೊಡುವ ಗುಮಾಸ್ತರೂ ಮನೆಯಲ್ಲಿದ್ದರು.

1937ರ ಶಿಕಾಗೊದ ರೇಡಿಯೊ ಪಾಠ ಮೂರು ವಾರವೂ ನಡೆಯಲಿಲ್ಲ, ಆದರೆ ಅದರ ರುಚಿ ಉಳಿಯಿತು. 1943ರಲ್ಲಿ ನಗರದ ಶಿಕ್ಷಣ ಮಂಡಳಿ ಶಾಲೆಗಳಿಗೆಂದೇ ತನ್ನದೇ ಎಫ್‌ಎಂ ಸ್ಟೇಷನ್ ತೆರೆಯಿತು. ಡಬ್ಲ್ಯು-ಬಿ-ಇ-ಝಡ್ ಎಂಬ ಆ ಸ್ಟೇಷನ್ ಇಂದಿಗೂ ಇದೆ. ಅದರ ಹೆಸರಿನ ನಡುವಿನ ಬಿ ಮತ್ತು ಇ ‘ಬೋರ್ಡ್ ಆಫ್ ಎಜುಕೇಷನ್’ನ ಗುರುತು. ಈಗ ಅದು ಮಂಡಳಿಯ ಕೈಯಲ್ಲಿಲ್ಲ, ಪಾಠವೂ ಬರುವುದಿಲ್ಲ, ಸುದ್ದಿ ಬರುತ್ತದೆ.

ಕಮ್ಯುನಿಟಿ ಕಾಲೇಜುಗಳಿಗೆ ಜನ ನಿಧಾನವಾಗಿ ಮರಳಿದರು. 2023ರ ಶರತ್ಕಾಲದಲ್ಲಿ ಎಲ್ಲಕ್ಕಿಂತ ಬೇಗ ತುಂಬಿದ್ದು ಕೈಕೆಲಸ ಕಲಿಸುವುದಕ್ಕೇ ಹೆಚ್ಚು ಒತ್ತು ಕೊಡುವ ಕಾಲೇಜುಗಳು. ಅಲ್ಲಿ ಒಂದೇ ವರ್ಷದಲ್ಲಿ ಸಂಖ್ಯೆ ಶೇ. 16ರಷ್ಟು ಏರಿತು. ಪರದೆಯ ಮೇಲೆ ಕಲಿಸಲಾಗದ ವಿದ್ಯೆಗೇ ಜನ ಮೊದಲು ಸಾಲು ನಿಂತರು.